ಯಾರಿಗೆ ಹಾಕಿದ್ರಿ ಅಂತ ಕೇಳಬೇಡಿ: ರಾಷ್ಟ್ರಪತಿ ಚುನಾವಣೆಯ ಗುಪ್ತ ಮತದ ಕಥೆ

ನಮ್ಮೂರ ಸೊಸೈಟಿಗೆ 11 ಜನ ನಿರ್ದೇಶಕರು. ಅದರಲ್ಲಿ ನಾನೂ ಒಬ್ಬನಾಗಿದ್ದೆ. ಕೆಲವು ವರ್ಷಗಳ ಹಿಂದೆ ಅಧ್ಯಕ್ಷರ ಆಯ್ಕೆ ಬಂತು. ಹಿಂದಿನ ರಾತ್ರಿ ಒಬ್ಬರ ಮನೆಯಲ್ಲಿ ಕೂತು ಪಂದಿ ಕರಿ, ಕಡಂಬುಟ್ಟು ತಿಂದು ಲೆಕ್ಕ ಹಾಕಿದೆವು. ನಮ್ಮ ಕಡೆ ಆರು, ಆ ಕಡೆ ಐದು. ಇನ್ನೇನು ಹಾರ ತರೋದೊಂದೇ ಬಾಕಿ.

ಬೆಳಿಗ್ಗೆ ಚೀಟಿ ಎಣಿಸಿದರೆ ಅವರಿಗೆ ಆರು, ನಮಗೆ ಐದು! ಯಾರೋ ಒಬ್ಬರು ರಾತ್ರಿ ನಮ್ಮ ಜೊತೆ ಉಂಡು ಬೆಳಿಗ್ಗೆ ಆ ಕಡೆ ಹಾಕಿದ್ದಾರೆ. ಹೊರಗೆ ಜೀಪಿನ ಹತ್ತಿರ ನಿಂತು ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಬ್ಬರು "ಇಗ್ಗುತ್ತಪ್ಪನ ಆಣೆ, ನಾನಲ್ಲ" ಎಂದರು. ಅವರು ಹಾಕಿದ ಮೇಲೆ ಉಳಿದವರು ಸುಮ್ನೆ ಇರೋಕಾಗುತ್ತಾ? ಎಲ್ಲರೂ ಹಾಕಿದರು. ಆರು ಆಣೆ, ಐದು ಮತ. ಆ ಲೆಕ್ಕ ಇವತ್ತಿಗೂ ಕೂಡಿಲ್ಲ.

ಈಗ ಈ ಕಥೆ ಯಾಕೆ ಅಂದರೆ, ವಿರಾಜಪೇಟೆಯಲ್ಲಿ ಪಿಯುಸಿ ಓದುವ ನನ್ನ ತಂಗಿ ಮಗಳು ಮೊನ್ನೆ ಮಳೆಗೆ ಕರೆಂಟ್ ಹೋಗಿ ಎಲ್ಲರೂ ಒಲೆ ಮುಂದೆ ಕೂತಿದ್ದಾಗ ಕೇಳಿದಳು: "ಮಾವ, ರಾಷ್ಟ್ರಪತಿಗೆ ನಾವ್ಯಾಕೆ ವೋಟ್ ಹಾಕಲ್ಲ? ಎಂಪಿ, ಎಂಎಲ್‌ಎ ಹಾಕ್ತಾರಲ್ಲ, ಅವರು ಯಾರಿಗೆ ಹಾಕಿದ್ರು ಅಂತ ನಮಗೆ ಹೇಳಬೇಕಲ್ವಾ?" ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಸೊಸೈಟಿ ಕಥೆ ಹೇಳಬೇಕಾಯಿತು, ಆಮೇಲೆ ಇನ್ನೂ ತುಂಬ ಹೇಳಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದನ್ನು ಬೇಗ ಮುಗಿಸೋಣ. ನಮ್ಮಲ್ಲಿ ಆಡಳಿತ ನಡೆಸುವುದು ಪ್ರಧಾನಿ ಮತ್ತು ಮಂತ್ರಿಮಂಡಲ. ರಾಷ್ಟ್ರಪತಿ ದೇಶದ ಮುಖ್ಯಸ್ಥರು, ಆದರೆ ಕೆಲಸ ಮಾಡುವುದು ಮಂತ್ರಿಮಂಡಲದ ಸಲಹೆಯಂತೆ. ಅವರನ್ನೂ ಇಡೀ ದೇಶ ನೇರವಾಗಿ ಆರಿಸಿದರೆ, "ನನಗೂ ಕೋಟಿಗಟ್ಟಲೆ ಜನ ವೋಟ್ ಹಾಕಿದ್ದಾರೆ, ನಾನ್ಯಾಕೆ ನಿಮ್ಮ ಮಾತು ಕೇಳಲಿ" ಎಂದು ನಾಳೆ ಪ್ರಧಾನಿ ಎದುರು ನಿಂತರೆ ಏನು ಮಾಡೋದು? ಒಂದೇ ಮನೆಗೆ ಇಬ್ಬರು ಯಜಮಾನರು. ಅದಕ್ಕೇ ಸಂವಿಧಾನ ಬರೆದವರು ಆ ಕೆಲಸವನ್ನು ನಾವು ಆರಿಸಿ ಕಳಿಸಿದವರ ಕೈಗೆ ಕೊಟ್ಟರು. ಲೋಕಸಭೆ ಮತ್ತು ರಾಜ್ಯಸಭೆಯ ಚುನಾಯಿತ ಸದಸ್ಯರು, ಎಲ್ಲ ರಾಜ್ಯಗಳ ಚುನಾಯಿತ ಶಾಸಕರು. ದೆಹಲಿ, ಪುದುಚೇರಿಯ ಶಾಸಕರೂ ಸೇರುತ್ತಾರೆ. ನಾಮಕರಣಗೊಂಡವರಿಗೆ, ಅಂದರೆ ಚುನಾವಣೆ ಇಲ್ಲದೆ ನೇಮಕವಾದವರಿಗೆ, ಮತವಿಲ್ಲ. ವಿಧಾನ ಪರಿಷತ್ತಿನವರಿಗೂ ಇಲ್ಲ. ಇದನ್ನು ಹೇಳುವುದು ಸಂವಿಧಾನದ 54ನೇ ವಿಧಿ. ಹೇಗೆ ಹಾಕಬೇಕು ಎನ್ನುವುದು 55ರಲ್ಲಿದೆ, ಅದರ ಮೂರನೇ ಖಂಡದಲ್ಲಿ ಮತದಾನ ಗುಪ್ತವಾಗಿರಬೇಕು ಅಂತ ಬರೆದೇ ಇದೆ. ಸಂವಿಧಾನದಲ್ಲೇ! ಅಂದರೆ ಸರ್ಕಾರ ಬದಲಾದಾಗ ಒಂದು ಸಾಮಾನ್ಯ ಕಾನೂನು ತಂದು ಇದನ್ನು ತೆಗೆದುಹಾಕೋಕಾಗಲ್ಲ.

ಪಾರ್ಲಿಮೆಂಟ್ ಮಾತ್ರ ಸೇರಿ ಆರಿಸುವುದು ನಮ್ಮಲ್ಲಿ ಉಪರಾಷ್ಟ್ರಪತಿಯನ್ನು. ಅಲ್ಲಿ ಶಾಸಕರಿಗೆ ಪಾತ್ರವಿಲ್ಲ, ನಾಮಕರಣಗೊಂಡ ಸಂಸದರೂ ಹಾಕಬಹುದು, ತಲೆಗೊಂದೇ ಮತ. ಅದೂ ಗುಪ್ತವೇ.

ರಾಷ್ಟ್ರಪತಿ ಚುನಾವಣೆಯಲ್ಲಿ ಮಾತ್ರ ಎಲ್ಲರ ಮತಕ್ಕೂ ಒಂದೇ ತೂಕವಿಲ್ಲ. ಇಲ್ಲೇ ಜಾಸ್ತಿ ಜನ ಪುಸ್ತಕ ಮುಚ್ಚಿಡೋದು. ಆದರೆ ಲೆಕ್ಕ ಅಷ್ಟೇನೂ ಕಷ್ಟವಲ್ಲ, ತಂಗಿ ಮಗಳು ಮೊಬೈಲಿನಲ್ಲೇ ಮಾಡಿದಳು. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1,000ದಿಂದ ಭಾಗಿಸಬೇಕು. ಕರ್ನಾಟಕದ ಜನಸಂಖ್ಯೆ 2,92,99,014. ಶಾಸಕರು 224. ಬರುವುದು 130.8, ಅಂದರೆ 131. ನಮ್ಮ ಒಬ್ಬೊಬ್ಬ ಶಾಸಕರ ಮತದ ಮೌಲ್ಯ 131.

"ಮಾವ, ಕರ್ನಾಟಕದಲ್ಲಿ ಮೂರು ಕೋಟಿನೂ ಇಲ್ವಾ ಜನ?" ಎಂದಳು. ಸರಿಯಾದ ಪ್ರಶ್ನೆ. ಇದು 1971ರ ಜನಗಣತಿಯ ಸಂಖ್ಯೆ. ಕುಟುಂಬ ಯೋಜನೆ ಸರಿಯಾಗಿ ಮಾಡಿದ ರಾಜ್ಯಗಳಿಗೆ ಅದೇ ಕಾರಣಕ್ಕೆ ನಷ್ಟವಾಗಬಾರದು ಅಂತ 1976ರ 42ನೇ ತಿದ್ದುಪಡಿಯಲ್ಲಿ ಆ ಸಂಖ್ಯೆಯನ್ನೇ ಹಿಡಿದಿಟ್ಟರು. 2026ರ ನಂತರದ ಮೊದಲ ಜನಗಣತಿಯ ಅಂಕಿ ಬರುವವರೆಗೆ ಇದೇ. ದಕ್ಷಿಣದ ರಾಜ್ಯಗಳಿಗೆ ಇದರಲ್ಲಿ ಲಾಭ ಇದೆ, ಹಾಗಾಗಿ ಮುಂದೆ ಇದು ದೊಡ್ಡ ಜಗಳ ಆಗುತ್ತೆ. ಇರಲಿ.

ಉತ್ತರ ಪ್ರದೇಶದ ಒಬ್ಬ ಶಾಸಕರ ಮತ 208. ಸಿಕ್ಕಿಂನದ್ದು 7. ಸಿಕ್ಕಿಂ ವಿಧಾನಸಭೆಯ 32 ಜನರನ್ನೂ ಕೂಡಿಸಿದರೆ 224 ಆಗುತ್ತದೆ, ಹೆಚ್ಚುಕಡಿಮೆ ಉತ್ತರ ಪ್ರದೇಶದ ಒಬ್ಬರಷ್ಟು. ಎಲ್ಲ ರಾಜ್ಯಗಳ ಶಾಸಕರ ಒಟ್ಟು ಮೌಲ್ಯವನ್ನು 776 ಚುನಾಯಿತ ಸಂಸದರಿಗೆ ಸಮನಾಗಿ ಹಂಚಿದರೆ ಒಬ್ಬ ಸಂಸದರ ಮತದ ಮೌಲ್ಯ ಬರುತ್ತದೆ. 2017ರಲ್ಲಿ ಅದು 708 ಇತ್ತು. 2022ರಲ್ಲಿ ಜಮ್ಮು-ಕಾಶ್ಮೀರಕ್ಕೆ ವಿಧಾನಸಭೆ ಇಲ್ಲದ ಕಾರಣ 700ಕ್ಕೆ ಇಳಿಯಿತು. ಹೀಗೆ ರಾಜ್ಯಗಳು ಒಂದು ಕಡೆ, ಪಾರ್ಲಿಮೆಂಟ್ ಇನ್ನೊಂದು ಕಡೆ, ತಕ್ಕಡಿ ಸಮ.

ಇಲ್ಲಿ ಕೊಡಗಿನ ಲೆಕ್ಕ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1971ರಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು 3.78 ಲಕ್ಷ. ಮೊದಲು ನಮಗೆ ಮೂರು ಕ್ಷೇತ್ರ ಇತ್ತು: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ. ಮೂರು ಶಾಸಕರು, ತಲಾ 131, ಒಟ್ಟು 393. ಸಾವಿರ ಜನಕ್ಕೆ ಒಂದು ಮತ ಅನ್ನೋ ಲೆಕ್ಕಕ್ಕೆ ಹತ್ತಿರ ಹತ್ತಿರ ಸರಿಯಾಗಿ ಕೂತಿತ್ತು ನೋಡಿ. ಕ್ಷೇತ್ರ ಮರುವಿಂಗಡಣೆಯಾಗಿ 2008ರ ಚುನಾವಣೆಗೆ ಸೋಮವಾರಪೇಟೆ ಕ್ಷೇತ್ರವೇ ಹೋಯಿತು. ಈಗ ಎರಡು. 262. ವಿಧಾನಸಭೆಯಲ್ಲಿ ಒಂದು ಸೀಟು ಹೋಯ್ತು ಅಂತ ನಾವೆಲ್ಲ ಬೇಜಾರು ಮಾಡಿಕೊಂಡೆವು, ರಾಷ್ಟ್ರಪತಿ ಆಯ್ಕೆಯಲ್ಲೂ ನಮ್ಮ ತೂಕದ ಮೂರನೇ ಒಂದು ಭಾಗ ಹೋಯ್ತು ಅನ್ನೋದನ್ನು ಯಾರೂ ಲೆಕ್ಕ ಹಾಕಲಿಲ್ಲ. ಒಂದು ಕಾಲದಲ್ಲಿ ಕೊಡಗೇ ಒಂದು ರಾಜ್ಯ, 24 ಜನರ ಸ್ವಂತ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಅದು ಮುಗಿಯಿತು. ಅಜ್ಜಂದಿರು ಈಗಲೂ ಆ ಮಾತು ಎತ್ತಿದರೆ ಕಾಫಿ ಎರಡನೇ ಸುತ್ತು ಬರಲೇಬೇಕು.

ಈಗ ಮತಪತ್ರಕ್ಕೆ ಬರೋಣ. ನನ್ನ ಹೆಂಡತಿ ಶಾಲೆ ಟೀಚರ್, 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಡ್ಯೂಟಿ ಮಾಡಿದವಳು. ಇಡೀ ದಿನ ಅವಳು ಹೇಳಿದ್ದು ಒಂದೇ ಮಾತಂತೆ: "ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ." ಯಾಕೆ ಗೊತ್ತಾ? ಅಡ್ಡಕ್ಕೆ ಮಡಚಿದರೆ ಹಸಿ ಶಾಯಿಯ ಮುದ್ರೆ ಕೆಳಗಿನ ಅಭ್ಯರ್ಥಿಯ ಚಿಹ್ನೆ ಮೇಲೂ ಬಿದ್ದು, ಎಣಿಸುವಾಗ ಗಲಾಟೆ ಆಗುತ್ತೆ. ಗುಪ್ತ ಮತದಾನ ಅನ್ನೋದು ಕಾನೂನಿನಲ್ಲಿ ಒಂದು ಸಾಲು ಅಷ್ಟೇ, ಕೆಲಸ ನಡೆಯೋದು ಹೀಗೆ ಮಡಚುವುದರಲ್ಲಿ, ಪರದೆಯಲ್ಲಿ, ಪೆನ್ನಿನಲ್ಲಿ.

ರಾಷ್ಟ್ರಪತಿ ಚುನಾವಣೆಯಲ್ಲಿ ಮುದ್ರೆ ಇಲ್ಲ, ಮತಯಂತ್ರವೂ ಇಲ್ಲ. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ. ತೂಕ ಬೇರೆಯಾದ್ದರಿಂದ ಬಣ್ಣ ಬೇರೆ. ಅಭ್ಯರ್ಥಿಗಳ ಹೆಸರು ಇರುತ್ತದೆ, ಪಕ್ಷದ ಚಿಹ್ನೆ ಇರುವುದಿಲ್ಲ. ಹೆಸರಿನ ಮುಂದೆ 1, 2, 3 ಅಂತ ಅಂಕಿ ಬರೆಯಬೇಕು. ನಮ್ಮ ಜೇಬಿನ ಪೆನ್ನಿನಲ್ಲಿ ಬರೆಯೋಹಾಗಿಲ್ಲ. ಒಳಗೆ ಹೋಗುವಾಗ ಚುನಾವಣಾ ಆಯೋಗದವರೇ ನೇರಳೆ ಶಾಯಿಯ ಒಂದು ಪೆನ್ನು ಕೊಡುತ್ತಾರೆ, ಅದರಲ್ಲೇ ಬರೆಯಬೇಕು. 2016ರಲ್ಲಿ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಬೇರೆ ಶಾಯಿ ಬಳಸಿದ್ದಾರೆಂದು ಹಲವು ಮತ ತಿರಸ್ಕೃತವಾಗಿ ಫಲಿತಾಂಶವೇ ತಲೆಕೆಳಗಾಗಿತ್ತು. 2017ರ ರಾಷ್ಟ್ರಪತಿ ಚುನಾವಣೆಯಿಂದ ಈ ಪೆನ್ನು ಬಂದಿದೆ. ಇನ್ನೂ ಒಂದು ಕಾರಣ ಇದೆ: ಒಬ್ಬರು ಹಸಿರು ಶಾಯಿ, ಇನ್ನೊಬ್ಬರು ಕಪ್ಪು ಶಾಯಿ ಬಳಸಿದರೆ ಎಣಿಸುವಾಗ ಯಾವ ಚೀಟಿ ಯಾರದ್ದು ಅಂತ ಗುರುತು ಹಿಡಿಯಬಹುದಲ್ಲ.

ಅಂಕಿಯನ್ನು ಸಾಮಾನ್ಯ ರೂಪದಲ್ಲಿ ಬರೆಯಬಹುದು, ರೋಮನ್‌ನಲ್ಲಿ ಬರೆಯಬಹುದು, ಭಾರತದ ಭಾಷೆಗಳ ಅಂಕಿಯಲ್ಲೂ ಬರೆಯಬಹುದು. ನಮ್ಮ ಶಾಸಕರು ಕನ್ನಡದ ೧ ಬರೆದರೂ ಮತ ಸಿಂಧು. ಆದರೆ "ಒಂದು" ಅಂತ ಅಕ್ಷರದಲ್ಲಿ ಬರೆದರೆ ಮತ ಹೋಯ್ತು. ಇಬ್ಬರಿಗೆ 1 ಕೊಟ್ಟರೆ ಹೋಯ್ತು. ಯಾರಿಗೂ 1 ಕೊಡದೆ ಬರೀ 2 ಬರೆದರೆ ಹೋಯ್ತು. ಸಹಿ ಹಾಕಿದರಂತೂ ಗುಟ್ಟೇ ಹೋಯ್ತು, ಜೊತೆಗೆ ಮತವೂ.

ಇದನ್ನೆಲ್ಲ ಕೇಳಿ ನಗು ಬರುತ್ತೆ, ಅಷ್ಟು ಸಣ್ಣ ಕೆಲಸ ಯಾರು ತಪ್ಪು ಮಾಡ್ತಾರೆ ಅಂತ. 2022ರಲ್ಲಿ 53 ಮತ ತಿರಸ್ಕೃತವಾದವು, ಅದರಲ್ಲಿ 15 ಸಂಸದರದ್ದು. 2017ರಲ್ಲಿ 77, ಅದರಲ್ಲಿ 21 ಸಂಸದರದ್ದು. 2025ರ ಸೆಪ್ಟೆಂಬರ್‌ನಲ್ಲಿ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಸಿ.ಪಿ. ರಾಧಾಕೃಷ್ಣನ್ ಅವರಿಗೆ 452, ಬಿ. ಸುದರ್ಶನ ರೆಡ್ಡಿ ಅವರಿಗೆ 300 ಬಂತು, ಮತ್ತೆ 15 ಮತ ಕೆಟ್ಟುಹೋದವು. ದೇಶಕ್ಕೆ ಕಾನೂನು ಬರೆಯುವವರಿಗೆ ಒಂದು ಅಂಕಿ ಬರೆಯೋಕೆ ಬರಲ್ವಾ? ನನ್ನ ಅನುಮಾನ ಬೇರೆ. ಕೆಲವರು ಬೇಕೆಂದೇ ಕೆಡಿಸಿರಬಹುದು. ಪಕ್ಷ ಹೇಳಿದವರಿಗೆ ಹಾಕೋಕೆ ಮನಸ್ಸಿಲ್ಲ, ಎದುರಿನವರಿಗೆ ಹಾಕೋಕೆ ಧೈರ್ಯವಿಲ್ಲ, ನೋಟಾ ಇಲ್ಲಿ ಇಲ್ಲವೇ ಇಲ್ಲ. ಆಗ ಉಳಿಯುವ ದಾರಿ ಇದೊಂದೇ. ಪತ್ರಿಕೆಯವರು ಇಂಥದ್ದಕ್ಕೆ ಕುಲಗೆಟ್ಟ ಮತ ಅಂತ ಹೆಸರಿಟ್ಟಿದ್ದಾರೆ, ಪಾಪ, ಕೆಲವು ಚೀಟಿಗಳ ಹಿಂದೆ ಒಳ್ಳೆಯ ಸಂಕಟವೂ ಇದ್ದೀತು.

ಮತ ಹಾಕಿದ ಮೇಲೆ ಪೆಟ್ಟಿಗೆಗಳು ಎಲ್ಲ ರಾಜ್ಯಗಳಿಂದ ದೆಹಲಿಗೆ ಹೋಗಬೇಕು. ವಿಮಾನದಲ್ಲಿ ಸಾಮಾನಿನ ಜೊತೆ ಹಾಕೋಹಾಗಿಲ್ಲ. 2022ರಲ್ಲಿ ಪೆಟ್ಟಿಗೆಗೆ ಸ್ವಂತ ಸೀಟು, ಸ್ವಂತ ಟಿಕೆಟ್. ಟಿಕೆಟ್‌ನಲ್ಲಿ ಹೆಸರು: ಮಿಸ್ಟರ್ ಬ್ಯಾಲೆಟ್ ಬಾಕ್ಸ್. ಪಕ್ಕದ ಸೀಟಿನಲ್ಲಿ ಅಧಿಕಾರಿ. ತಂಗಿ ಮಗಳಿಗೆ ಇಡೀ ವಿಷಯದಲ್ಲಿ ಇದೊಂದೇ ಇಷ್ಟವಾಗಿದ್ದು ಅಂತ ಕಾಣುತ್ತೆ, ಕಿಟಕಿ ಪಕ್ಕದ ಸೀಟಾ ಅಂತ ಕೇಳಿದಳು.

1, 2, 3 ಯಾಕೆ ಬರೆಯಬೇಕು? ಪಠ್ಯಪುಸ್ತಕದಲ್ಲಿ ಇದಕ್ಕೆ ಇರುವ ಹೆಸರು "ಏಕ ವರ್ಗಾವಣೀಯ ಮತದ ಮೂಲಕ ಪ್ರಮಾಣಾನುಗುಣ ಪ್ರಾತಿನಿಧ್ಯ". ಹೆಸರು ಕೇಳಿದರೇ ಜ್ವರ ಬರುತ್ತೆ. ವಿಷಯ ಇಷ್ಟೇ. ಮದುವೆ ಮನೆಗೆ ಹೋಗುತ್ತೀರಿ. ಪಂದಿ ಕರಿ ಇದ್ದರೆ ಅದನ್ನೇ ಬಡಿಸಿ. ಅದು ಮುಗಿದಿದ್ದರೆ ಕೋಳಿ. ಅದೂ ಮುಗಿದಿದ್ದರೆ ಕಣಿಲೆ ಪಲ್ಯ. ಒಂದೇ ತಟ್ಟೆ, ಆದರೆ ಅದು ಖಾಲಿ ಇರಬಾರದು. ಮತವೂ ಹಾಗೆಯೇ. ನೀವು 1 ಕೊಟ್ಟವರು ಸ್ಪರ್ಧೆಯಿಂದ ಹೊರಬಿದ್ದರೆ, ನಿಮ್ಮ ಮತ ನೀವು 2 ಕೊಟ್ಟವರ ಕಡೆ ಹೋಗುತ್ತದೆ. ಗೆಲ್ಲೋಕೆ ಬೇಕಾದ್ದು ಸಿಂಧುವಾದ ಮತಗಳ ಮೌಲ್ಯದಲ್ಲಿ ಅರ್ಧ, ಮೇಲೆ ಒಂದು. ಯಾರಿಗೂ ಅಷ್ಟು ಬರದಿದ್ದರೆ ಕೊನೆಯಲ್ಲಿರುವವರನ್ನು ಒಬ್ಬೊಬ್ಬರನ್ನೇ ತೆಗೆದು ಅವರ ಮತ ಹಂಚುತ್ತಾ ಹೋಗುತ್ತಾರೆ.

ಇಷ್ಟು ವರ್ಷಗಳಲ್ಲಿ ಹಾಗೆ ಹಂಚಬೇಕಾಗಿ ಬಂದದ್ದು ಒಂದೇ ಸಲ. 1969. ಗುಪ್ತ ಮತದಾನ ಅಂದರೆ ಏನು ಅಂತ ಗೊತ್ತಾಗಬೇಕಾದರೆ ಆ ಚುನಾವಣೆ ನೋಡಬೇಕು, ಅದರ ಒಂದು ತುದಿ ನಮ್ಮ ಬೆಂಗಳೂರಿನಲ್ಲೇ ಇದೆ.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಕೂತರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಸಭೆ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಅವರೂ ಇತರ ಹಿರಿಯರೂ ಸೇರಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದರು. ಪ್ರಧಾನಿ ಇಂದಿರಾ ಗಾಂಧಿಗೆ ಇದು ಸುತಾರಾಂ ಇಷ್ಟವಿರಲಿಲ್ಲ. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಅವರೇ ಸಹಿ ಹಾಕಿದರು. ಅತ್ತ ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ರೆಡ್ಡಿಯವರಿಗೇ ಹಾಕಿ ಅಂತ ವಿಪ್, ಅಂದರೆ ಪಕ್ಷದ ಕಟ್ಟಪ್ಪಣೆ, ಹೊರಡಿಸಿ ಎಂದು ನಿಜಲಿಂಗಪ್ಪ ಕೇಳಿದರು. ಇಂದಿರಾ ಒಪ್ಪಲಿಲ್ಲ. ಆತ್ಮಸಾಕ್ಷಿಗೆ ತಕ್ಕಂತೆ ಹಾಕಿ ಎಂದರು.

ಹಗಲು ಸಹಿ ರೆಡ್ಡಿಗೆ, ಮನಸ್ಸು ಗಿರಿಗೆ. ಕೈ ಎತ್ತಿ ಹಾಕುವ ಮತವಾಗಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಪರದೆ ಇದ್ದದ್ದಕ್ಕೇ ನಡೆಯಿತು.

ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಕಣದಲ್ಲಿ 15 ಜನ. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲ ಸಿ.ಡಿ. ದೇಶಮುಖ್ ಅವರಿಗಿತ್ತು. ಮೊದಲ ಸುತ್ತಿನಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಗಿರಿಗೆ 16,654 ಕಮ್ಮಿ. ಸರಿ, ಕೆಳಗಿನವರನ್ನೆಲ್ಲ ತೆಗೆದು ಹಂಚಿದರು. ತಮ್ಮ ಅಭ್ಯರ್ಥಿಗೆ ಎರಡನೇ ಪ್ರಾಶಸ್ತ್ಯ ಕೊಡಿ ಅಂತ ನಿಜಲಿಂಗಪ್ಪ ಆ ಎರಡು ಪಕ್ಷಗಳ ಹತ್ತಿರ ಮೊದಲೇ ಮಾತಾಡಿದ್ದರು, ಅದು ಫಲ ಕೊಟ್ಟಿತ್ತು ಕೂಡ. ರೆಡ್ಡಿಗೆ 91 ಸಾವಿರಕ್ಕೂ ಜಾಸ್ತಿ ಬಂತು, ಗಿರಿಗೆ 18 ಸಾವಿರ ಚಿಲ್ಲರೆ. ಆದರೆ ಆ ಚಿಲ್ಲರೆಯೇ ಸಾಕಾಯಿತು. ಗಿರಿ 4,20,077, ರೆಡ್ಡಿ 4,05,427. ಬೇಕಾದ್ದಕ್ಕಿಂತ 1,908 ಮಾತ್ರ ಹೆಚ್ಚು. ನವೆಂಬರ್ ಹೊತ್ತಿಗೆ ಕಾಂಗ್ರೆಸ್ಸೇ ಎರಡಾಯಿತು. ಪಕ್ಷದೊಳಗೆ ಇದ್ದ ಬಿರುಕು ಮೊದಲು ಕಂಡದ್ದು ಮತಪೆಟ್ಟಿಗೆಯಲ್ಲಿ.

ಸಂಜೀವ ರೆಡ್ಡಿಯವರ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1977ರಲ್ಲಿ ಉಳಿದವರ ನಾಮಪತ್ರಗಳೆಲ್ಲ ತಿರಸ್ಕೃತವಾಗಿ ಅವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅದಕ್ಕೂ ಮೊದಲು ಆರು ತಿಂಗಳಿಗೆ ಸ್ವಲ್ಪ ಕಡಿಮೆ ಹಂಗಾಮಿಯಾಗಿ ಆ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ಬಿ.ಡಿ. ಜತ್ತಿ. ಚುನಾವಣೆ ಗೆದ್ದು ರಾಷ್ಟ್ರಪತಿ ಭವನಕ್ಕೆ ಹೋದ ಕನ್ನಡಿಗರು ಇನ್ನೂ ಇಲ್ಲ.

ಈಗ ಬಹಳ ಜನರಿಗೆ ಗೊಂದಲ ಆಗುವ ಜಾಗ. ಪಕ್ಷದ ಮಾತು ಮೀರಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸೀಟು ಹೋಗುತ್ತಲ್ವಾ? ಇಲ್ಲಿ ಹೋಗಲ್ಲ. ಆ ಕಾಯ್ದೆ ಸದನದೊಳಗಿನ ಮತಕ್ಕೆ, ಅಂದರೆ ವಿಶ್ವಾಸಮತ, ಮಸೂದೆ, ಅಂಥದ್ದಕ್ಕೆ. ರಾಷ್ಟ್ರಪತಿ ಚುನಾವಣೆ ವಿಧಾನಸೌಧದ ಒಳಗೇ ನಡೆದರೂ ಅದು ಸದನದ ಕಲಾಪ ಅಲ್ಲ. ಹಾಗಾಗಿ ಪಕ್ಷ ಇದಕ್ಕೆ ವಿಪ್ ಹೊರಡಿಸೋಹಾಗಿಲ್ಲ. ಬೇಡಿಕೊಳ್ಳಬಹುದು, ರೆಸಾರ್ಟ್‌ಗೆ ಕರೆದುಕೊಂಡು ಹೋಗಿ ಕೂರಿಸಬಹುದು (ನಮ್ಮ ಜಿಲ್ಲೆಯಲ್ಲಿ ಅದಕ್ಕೇನೂ ಬರ ಇಲ್ಲ), ಹಿಂದಿನ ದಿನ ಡಮ್ಮಿ ಮತಪತ್ರ ಕೊಟ್ಟು ಅಭ್ಯಾಸ ಮಾಡಿಸಬಹುದು. ಪರದೆಯ ಹಿಂದೆ ಹೋಗಿ ಕೈ ಹಿಡಿದು ಬರೆಸೋಕಾಗಲ್ಲ.

ರಾಜ್ಯಸಭೆಯದು ಪೂರ್ತಿ ಉಲ್ಟಾ. ಅಲ್ಲೂ ಶಾಸಕರೇ ಮತ ಹಾಕೋದು, ಅಲ್ಲೂ 1, 2, 3. ಆದರೆ 2003ರಲ್ಲಿ ಕಾನೂನು ಬದಲಾಯಿಸಿ ಅದನ್ನು ಬಹಿರಂಗ ಮಾಡಿದರು. ಬರೆದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು, ತೋರಿಸದಿದ್ದರೆ ಮತ ಅಸಿಂಧು. ಕಾರಣ ದುಡ್ಡು. ಗುಪ್ತವಾಗಿದ್ದಾಗ ಮತ ಮಾರಾಟ ಜಾಸ್ತಿ ಅನ್ನೋ ದೂರು ಇತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕದ ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡ ಮತ ಬಿದ್ದಾಗ ಶಾಸಕರ ಹೆಸರು ಸಂಜೆಯೊಳಗೆ ಎಲ್ಲ ಟಿವಿಯಲ್ಲೂ ಬಂದಿತ್ತು, ನೆನಪಿದೆಯಾ? ಅದೇ ಶಾಸಕರು, ಅದೇ ಕಟ್ಟಡ. ಒಂದು ಚುನಾವಣೆಯಲ್ಲಿ ತೋರಿಸದಿದ್ದರೆ ತಪ್ಪು, ಇನ್ನೊಂದರಲ್ಲಿ ತೋರಿಸಿದರೆ ತಪ್ಪು.

ಇದಕ್ಕೆ ಪಕ್ಕದಲ್ಲಿ ಇಡಬೇಕಾದ ಒಂದು ಕಥೆ ನಮಗೆ ಬಹಳ ಹತ್ತಿರದ್ದು. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಕೇರಳ. 2022ರ ಜುಲೈ 18ರಂದು ಅಲ್ಲಿಯ 140 ಶಾಸಕರು ರಾಷ್ಟ್ರಪತಿ ಚುನಾವಣೆಗೆ ಮತ ಹಾಕಿದರು. ಎಡರಂಗವೂ ಕಾಂಗ್ರೆಸ್ ಕೂಟವೂ ಎರಡೂ ವಿರೋಧ ಪಕ್ಷಗಳ ಅಭ್ಯರ್ಥಿ ಯಶವಂತ ಸಿನ್ಹಾ ಅವರಿಗೇ ಬೆಂಬಲ ಕೊಟ್ಟಿದ್ದವು. ಬಿಜೆಪಿಗೆ ಆ ವಿಧಾನಸಭೆಯಲ್ಲಿ ಒಬ್ಬ ಶಾಸಕರೂ ಇರಲಿಲ್ಲ. 140ಕ್ಕೆ 140 ಸಿನ್ಹಾಗೆ ಅಂತ ಎಲ್ಲರೂ ಬರೆದಿಟ್ಟಿದ್ದರು. 21ನೇ ತಾರೀಕು ದೆಹಲಿಯಲ್ಲಿ ಕೇರಳದ ಪೆಟ್ಟಿಗೆ ತೆರೆದರೆ ಸಿನ್ಹಾಗೆ 139, ಬಿಜೆಪಿ ಕೂಟದ ಅಭ್ಯರ್ಥಿ ದ್ರೌಪದಿ ಮುರ್ಮು ಅವರಿಗೆ 1.

ಫಲಿತಾಂಶಕ್ಕೆ ಅದರಿಂದ ಏನೂ ಆಗಲಿಲ್ಲ. ಮುರ್ಮು 6,76,803 ಮೌಲ್ಯದ ಮತ ಪಡೆದು ಆರಾಮಾಗಿ ಗೆದ್ದರು, ಸಿನ್ಹಾಗೆ 3,80,177. ಕೇರಳದ ಆ ಒಂದು ಮತದ ಮೌಲ್ಯ 152, ಸಮುದ್ರಕ್ಕೆ ಒಂದು ಚೊಂಬು ನೀರು. ಆದರೆ ಆ ಒಂದು ಮತ ಅಲ್ಲಿ ಎಬ್ಬಿಸಿದ ಗದ್ದಲ ಇದೆಯಲ್ಲ! ಎಲ್ಲರೂ ನಾನಲ್ಲ ಅಂದರು. ಯಾರು ಅಂತ ಇವತ್ತಿಗೂ ಹೊರಬಂದಿಲ್ಲ. ನನಗೆ ನಮ್ಮ ಸೊಸೈಟಿಯ ಜೀಪು ನೆನಪಾಯಿತು.

ಒಂದು ವಿಷಯ ಗಮನಿಸಿ. ಆ ಮತ ಕೇರಳದ್ದು ಅಂತ ಗೊತ್ತಾಗಿದ್ದೇ ರಾಜ್ಯವಾರು ಎಣಿಸಿದ್ದಕ್ಕೆ. ಮತದ ತೂಕ ರಾಜ್ಯಕ್ಕೊಂದು, ಹಾಗಾಗಿ ಬೇರೆ ಬೇರೆ ಎಣಿಸಲೇಬೇಕು. ಗುಟ್ಟು ಎಷ್ಟು ಗಟ್ಟಿ ಅನ್ನೋದು ಗುಂಪು ಎಷ್ಟು ದೊಡ್ಡದು ಅನ್ನೋದರ ಮೇಲೆ ಇದೆ. ಸಿಕ್ಕಿಂನಲ್ಲಿ 32ಕ್ಕೆ 32 ಒಬ್ಬರಿಗೇ ಬಿದ್ದರೆ ಗುಟ್ಟು ಎಲ್ಲಿ ಉಳಿಯಿತು? ಯಾರು ಯಾರಿಗೆ ಹಾಕಿದರು ಅಂತ ಎಲ್ಲರಿಗೂ ಗೊತ್ತಾದಂತೆಯೇ. ನಮ್ಮ ಸೊಸೈಟಿಯ 11 ಜನರಲ್ಲಿ ಸಿಕ್ಕಿಬೀಳದೆ ಇದ್ದವರು ನಿಜಕ್ಕೂ ಗಟ್ಟಿ ಆಸಾಮಿ.

ಬೇರೆ ದೇಶಗಳಲ್ಲಿ ಹೇಗೆ? 2022ರ ಅದೇ ವಾರ ಶ್ರೀಲಂಕಾದಲ್ಲೂ ಅಧ್ಯಕ್ಷರ ಆಯ್ಕೆ ಆಯಿತು. ಅಲ್ಲಿ ಸಾಮಾನ್ಯವಾಗಿ ಜನರೇ ನೇರವಾಗಿ ಆರಿಸುವುದು. ಆದರೆ ಅವಧಿ ಮುಗಿಯುವ ಮೊದಲೇ ಕುರ್ಚಿ ಖಾಲಿಯಾದರೆ ಉಳಿದ ಅವಧಿಗೆ ಪಾರ್ಲಿಮೆಂಟ್ ಗುಪ್ತ ಮತದಿಂದ ಆರಿಸುತ್ತದೆ. ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿ ರಾಜೀನಾಮೆ ಕಳಿಸಿದ್ದರು. ಜುಲೈ 20ರಂದು 225ರಲ್ಲಿ 223 ಸದಸ್ಯರು ಮತ ಹಾಕಿದರು. ರನಿಲ್ ವಿಕ್ರಮಸಿಂಘೆಗೆ 134, ಡಲ್ಲಸ್ ಅಳಹಪ್ಪೆರುಮಗೆ 82, ಅನುರ ಕುಮಾರ ದಿಸ್ಸನಾಯಕೆಗೆ ಬರೀ 3. ನಾಲ್ಕು ಕೆಟ್ಟ ಮತ, ಅಲ್ಲೂ. ಬೀದಿಯಲ್ಲಿದ್ದ ಜನಕ್ಕೆ ಇದು ಹಿಡಿಸಲಿಲ್ಲ. ನಾವು ಓಡಿಸಿದ ಗುಂಪಿನ ಬೆಂಬಲದಿಂದಲೇ ಇನ್ನೊಬ್ಬರು ಬಂದರಲ್ಲ, ಯಾರ್ಯಾರು ಹಾಕಿದರು ಹೇಳಿ ಅಂದರೆ ಹೇಳುವವರಿಲ್ಲ. ಎರಡು ವರ್ಷ ಕಳೆದು 2024ರಲ್ಲಿ ಜನರೇ ಮತ ಹಾಕುವ ಸರದಿ ಬಂದಾಗ ಗೆದ್ದದ್ದು ಪಾರ್ಲಿಮೆಂಟಿನಲ್ಲಿ ಮೂರೇ ಮತ ಪಡೆದಿದ್ದ ದಿಸ್ಸನಾಯಕೆ.

ಇಟಲಿಯವರದು ಇನ್ನೂ ಮಜಾ. ಪಾರ್ಲಿಮೆಂಟಿನ ಎರಡೂ ಸದನ ಮತ್ತು ಪ್ರಾಂತ್ಯಗಳ ಪ್ರತಿನಿಧಿಗಳು ಸೇರಿ ಗುಪ್ತವಾಗಿ ಆರಿಸುತ್ತಾರೆ. ಮೊದಲ ಮೂರು ಸುತ್ತಿನಲ್ಲಿ ಮೂರನೇ ಎರಡು ಭಾಗ ಬೇಕು, ಆಮೇಲೆ ಅರ್ಧಕ್ಕಿಂತ ಜಾಸ್ತಿ ಸಾಕು. 1971ರಲ್ಲಿ 23 ಸುತ್ತು ನಡೆದಿತ್ತು. ಸ್ವಂತ ಪಕ್ಷದವರಿಗೇ ಪರದೆಯ ಹಿಂದಿನಿಂದ ಕೈಕೊಡುವವರನ್ನು ಅಲ್ಲಿ ಗುರಿಕಾರರು ಎನ್ನುತ್ತಾರೆ, ಅಂದರೆ ಅಡಗಿ ಕೂತು ಗುಂಡು ಹೊಡೆಯುವವರು. ಕೋವಿ ಹಿಡಿದು ಬೆಳೆದ ನಮ್ಮ ಕೊಡಗಿನವರಿಗೆ ಈ ಹೆಸರು ಬೇಗ ಅರ್ಥವಾಗುತ್ತೆ. 2013ರಲ್ಲಿ ಮಾಜಿ ಪ್ರಧಾನಿ ರೊಮಾನೊ ಪ್ರೋದಿ ಅವರಿಗೆ ಬೇಕಿದ್ದದ್ದು 504, ಬಂದದ್ದು 395. ಸ್ವಂತ ಕೂಟದಲ್ಲೇ ಸುಮಾರು 100 ಜನ ಗುಂಡು ಹಾರಿಸಿದ್ದರು.

ಅಲ್ಲಿ ಮತಪತ್ರದಲ್ಲಿ ಹೆಸರು ಅಚ್ಚಾಗಿರುವುದಿಲ್ಲ, ಕೈಯಲ್ಲೇ ಬರೆಯಬೇಕು. ಅದಕ್ಕೆ ಪಕ್ಷಗಳು ಒಂದು ಉಪಾಯ ಹುಡುಕಿದವು. ಒಂದು ಗುಂಪು ಬರೀ ಪ್ರೋದಿ ಅಂತ ಬರೆಯುವುದು, ಇನ್ನೊಂದು ಆರ್. ಪ್ರೋದಿ, ಮತ್ತೊಂದು ಪೂರ್ತಿ ಹೆಸರು. ಎಣಿಸುವಾಗ ಗಟ್ಟಿಯಾಗಿ ಓದುತ್ತಾರಲ್ಲ, ಯಾವ ಗುಂಪಿನಿಂದ ಎಷ್ಟು ಬಂತು ಅಂತ ಲೆಕ್ಕ ಸಿಗುತ್ತದೆ. ನಮ್ಮ ಆಯೋಗದ ಒಂದೇ ನೇರಳೆ ಪೆನ್ನಿನ ಬೆಲೆ ಇಲ್ಲಿ ಗೊತ್ತಾಗುತ್ತೆ.

ಲಾಟ್ವಿಯಾ ಅಂತ ಒಂದು ಪುಟ್ಟ ದೇಶ. ಅಲ್ಲೂ ಪಾರ್ಲಿಮೆಂಟೇ ಅಧ್ಯಕ್ಷರನ್ನು ಗುಪ್ತವಾಗಿ ಆರಿಸುತ್ತಿತ್ತು. ನಮ್ಮ ತಂಗಿ ಮಗಳು ಕೇಳಿದ ಪ್ರಶ್ನೆಯನ್ನೇ ಅಲ್ಲಿಯವರೂ ಕೇಳಿದರು. ಸಂವಿಧಾನ ತಿದ್ದಿ 2019ರಿಂದ ಬಹಿರಂಗ ಮತ ಮಾಡಿಬಿಟ್ಟರು.

ಹಾಗಾದರೆ ಯಾವುದು ಸರಿ? ನನ್ನ ಅಭಿಪ್ರಾಯ ಹೇಳ್ತೇನೆ, ಒಪ್ಪಬೇಕು ಅಂತೇನಿಲ್ಲ. ನಾನು, ನೀವು ವೋಟ್ ಹಾಕುವಾಗ ಪರದೆ ಇರುವುದು ನಮ್ಮನ್ನು ಹೆದರಿಸುವವರಿಂದ ಉಳಿಸೋಕೆ: ತೋಟದ ಯಜಮಾನ, ಸಾಲ ಕೊಟ್ಟವರು, ಮನೆಯ ಹಿರಿಯರು. ನಾವು ನಮ್ಮ ಮತಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಶಾಸಕರದು ಹಾಗಲ್ಲ. ಅವರು ಹಾಕುವ 131ರಲ್ಲಿ ಒಂದು ಅವರದ್ದೂ ಅಲ್ಲ, ಲೆಕ್ಕದ ಪ್ರಕಾರ ಎಲ್ಲ ನಮ್ಮ ತಲೆ ಎಣಿಸಿ ಬಂದದ್ದು. ಆ ಮಟ್ಟಿಗೆ ತಂಗಿ ಮಗಳ ಮಾತಿನಲ್ಲಿ ನ್ಯಾಯ ಇದೆ.

ಆದರೆ ಬಹಿರಂಗ ಮಾಡಿದರೆ ಆ ಮಾಹಿತಿ ಮೊದಲು ತಲುಪುವುದು ಯಾರಿಗೆ? ನಮಗಲ್ಲ, ಪಕ್ಷದ ಹೈಕಮಾಂಡಿಗೆ. ಮುಂದಿನ ಟಿಕೆಟ್ ಅವರ ಕೈಯಲ್ಲಿದೆ. ನಾಳೆ ಮಂತ್ರಿಮಂಡಲಕ್ಕೆ "ಈ ಫೈಲ್ ಇನ್ನೊಮ್ಮೆ ನೋಡಿ" ಅಂತ ವಾಪಸ್ ಕಳಿಸಬೇಕಾದ ವ್ಯಕ್ತಿ, ಆ ಮಂತ್ರಿಗಳ ಕಣ್ಣೆದುರೇ ಕೈ ಎತ್ತಿಸಿಕೊಂಡು ಬಂದವರಾದರೆ ಹೇಗೆ? ನನಗೆ ಪರದೆಯೇ ಇರಲಿ ಅನ್ನಿಸುತ್ತದೆ. ಪರದೆಯ ಹಿಂದೆ ದುಡ್ಡೂ ಕೈ ಬದಲಾಯಿಸಬಹುದು, ಗೊತ್ತು. ಆದರೆ ರಾಷ್ಟ್ರಪತಿ ಚುನಾವಣೆಯಲ್ಲಿ 4,800ಕ್ಕೂ ಹೆಚ್ಚು ಜನ ಮತದಾರರು, ಅಷ್ಟು ಜನರನ್ನು ಕೊಳ್ಳೋದು ರಾಜ್ಯಸಭೆಯ ಒಂದು ಸೀಟಿಗೆ ನಾಲ್ಕು ಶಾಸಕರನ್ನು ಹಿಡಿದಂತಲ್ಲ. ಮುಂದಿನ ಚುನಾವಣೆ 2027ರ ಜುಲೈ ಹೊತ್ತಿಗೆ ಬರುತ್ತೆ, ಕಕ್ಕಡದ ಮಳೆ ಶುರುವಾಗುವ ಸಮಯಕ್ಕೆ.

ಸೊಸೈಟಿ ಕಥೆಗೆ ಒಂದು ಬಾಲ ಉಳಿದಿದೆ. ಆ ಸೋಲಿನ ನಂತರದ ಸಭೆಯಲ್ಲಿ ನಮ್ಮ ಕಡೆಯವರೇ ಒಬ್ಬರು ಎದ್ದು, ಈ ಚೀಟಿ ಗೀಟಿ ಬೇಡ, ಇನ್ನು ಮುಂದೆ ಕೈ ಎತ್ತಿಯೇ ಆಯ್ಕೆ ಆಗಲಿ, ನಿಯಮ ಬದಲಾಯಿಸೋಕೆ ಮೇಲಿನವರಿಗೆ ಬರೆಯೋಣ ಎಂದರು. ಅರ್ಧ ಗಂಟೆ ಚರ್ಚೆ ನಡೆಯಿತು, ಎರಡು ಕಡೆಯೂ ಜೋರು. ಸರಿ, ಮತಕ್ಕೆ ಹಾಕೋಣ ಎಂದರು ಅಧ್ಯಕ್ಷರು. ಆಗ ಮೂಲೆಯಲ್ಲಿದ್ದ ಹಿರಿಯರೊಬ್ಬರು ನಿಧಾನಕ್ಕೆ ಕೇಳಿದರು: "ಇದಕ್ಕೆ ಕೈ ಎತ್ತೋದಾ, ಚೀಟಿನಾ?"

ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಕಾಫಿ ಬಂತು.